ಶಿರಸ್ತ್ರಾಣದ ಆಯ್ಕೆ

ತಲೆಯ ಮೇಲೆ ಏನನ್ನು ಧರಿಸಬೇಕೆಂಬ ವಿಚಾರದಲ್ಲಿ ನಮ್ಮ ನಾಡಿನವರು ಎಂದೂ ಉದಾಸೀನರಾಗಿದ್ದವರಲ್ಲ. ಜರಿಯ ಪೇಟವೆ, ರುಮಾಲೆ, ಕರಿಯ ಟೋಪಿಯೆ, ಖಾದಿಯ ಬಿಳಿಯ ಟೋಪಿಯೆ ಎಂಬುದನ್ನು ನೋಡಿಯೇ ಎದುರಿಗೆ ಬರುವವರ ಊರು, ಉದ್ಯೋಗ, ರಾಜಕೀಯ ಮೂರನ್ನೂ ಅಳೆಯುತ್ತಿದ್ದ ಕಾಲವೊಂದಿತ್ತು. ಬರಿಯ ತಲೆಯಲ್ಲಿ ಬೀದಿಗೆ ಹೊರಡುವುದು ಅಮರ್ಯಾದೆಯೆಂದು ಭಾವಿಸುತ್ತಿದ್ದ ಹಿರಿಯರನ್ನು ಕಣ್ಣಾರೆ ಕಂಡವರು ಈಗಲೂ ನಮ್ಮಲ್ಲಿರುವರು. ಆ ಪೇಟಗಳೆಲ್ಲ ಇಂದು ಮದುವೆಯ ಮನೆಗೂ ಸನ್ಮಾನದ ಸಭೆಗೂ ಮೀಸಲಾಗಿವೆ. ಅವುಗಳ ಸ್ಥಾನದಲ್ಲಿ ಬಂದು ಕುಳಿತಿರುವುದು ಹೆಲ್ಮೆಟ್ಟು. ಸರಕಾರದ ಪ್ರಕಟಣೆಗಳು ಇದನ್ನು ಶಿರಸ್ತ್ರಾಣವೆಂದು ಕರೆಯುತ್ತವೆ. ಹೆಸರೇನೋ ಗಂಭೀರವಾದದ್ದೇ; ತ್ರಾಣವೆಂದರೆ ರಕ್ಷಣೆ. ಆದರೆ ಯಾವುದಾದರೂ ಅಂಗಡಿಯ ಮುಂದೆ ಅರ್ಧ ಗಂಟೆಯ ಕಾಲ ನಿಂತು ನೋಡಿದವರಿಗೆ, ನಮ್ಮ ಜನ ಇದನ್ನು ಆರಿಸುವಾಗ ತ್ರಾಣವನ್ನು ಮರೆತು ಪೇಟವನ್ನೇ ನೆನೆಯುತ್ತಾರೆಂದು ತೋರದೆ ಇರದು. ಕನ್ನಡಿಯ ಮುಂದೆ ನಿಂತು ಬಣ್ಣವನ್ನು ನೋಡುವರು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ‘ಚೆನ್ನಾಗಿ ಕಾಣುತ್ತದೆಯೇ?’ ಎಂದು ಕೇಳುವರು. ಕನ್ನಡಿ ಅದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು.

ಅಂಗಡಿಯಲ್ಲಿ ಕಾಣುವ ಬಗೆಗಳು ಮುಖ್ಯವಾಗಿ ನಾಲ್ಕು. ನೆತ್ತಿಯನ್ನಷ್ಟೇ ಮುಚ್ಚಿ ಕಿವಿಯ ಮೇಲೆಯೇ ನಿಂತುಬಿಡುವ ಅರ್ಧ ಹೆಲ್ಮೆಟ್ಟು ಮೊದಲನೆಯದು. ಇದು ಹಗುರ, ಅಗ್ಗ. ಕೈಚೀಲದಲ್ಲಿ ತರಕಾರಿಯ ಮೇಲೆ ಇಟ್ಟುಕೊಂಡು ಬರಬಹುದು. ಎರಡನೆಯದು ಕಿವಿಗಳನ್ನೂ ತಲೆಯ ಹಿಂಭಾಗವನ್ನೂ ಒಳಗೊಂಡು ಮುಖವನ್ನು ಮಾತ್ರ ಬಿಟ್ಟುಕೊಡುವ ತೆರೆದ ಮುಖದ್ದು. ಮೂರನೆಯದು ಗದ್ದದ ಮುಂದೆ ಗಟ್ಟಿಯಾದ ಕಮಾನೊಂದನ್ನು ಹೊತ್ತು ಇಡೀ ತಲೆಯನ್ನೇ ನುಂಗಿಕೊಳ್ಳುವ ಪೂರ್ಣಮುಖದ್ದು; ಅಂಗಡಿಯವರ ಮಾತಿನಲ್ಲಿ ಫುಲ್ ಫೇಸ್. ನಾಲ್ಕನೆಯದು ಆ ಕಮಾನನ್ನು ತಿರುಗಣಿಯ ಮೇಲೆ ಕೂರಿಸಿ, ಬೇಕೆಂದಾಗ ಹಣೆಯ ಮೇಲಕ್ಕೆ ಎತ್ತಿಕೊಳ್ಳುವಂತೆ ಮಾಡಿದ್ದು. ಮುಂದಕ್ಕೆ ಕೊಕ್ಕು ಚಾಚಿದ, ಮಣ್ಣುದಾರಿಯ ಪಂದ್ಯಗಳಿಗಾಗಿ ಹುಟ್ಟಿದ ಐದನೆಯದೊಂದುಂಟು. ಕಾಲೇಜಿನ ಹುಡುಗರು ಅದನ್ನು ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಹೋಗುವುದನ್ನು ಕಂಡಾಗಲೆಲ್ಲ ಯಕ್ಷಗಾನದ ವೇಷವೊಂದು ಚೌಕಿಯಿಂದ ನೇರವಾಗಿ ಬೀದಿಗೆ ಇಳಿದು ಬಂದಂತೆ ನನಗೆ ತೋರುತ್ತದೆ. ಅದರ ಮಾತು ಇಷ್ಟಕ್ಕೇ ಸಾಕು.

ಇವುಗಳಲ್ಲಿ ಯಾವುದು ಮೇಲೆಂದು ಹೇಳುವುದಕ್ಕೆ ಮೊದಲು, ಇದು ತಲೆಯನ್ನು ಕಾಯುವುದು ಹೇಗೆಂಬುದನ್ನು ತಿಳಿಯಬೇಕು. ಹೊರಗಿನ ಗಟ್ಟಿ ಚಿಪ್ಪೇ ಎಲ್ಲವನ್ನೂ ಮಾಡುತ್ತದೆಂದು ಬಹುಮಂದಿ ನಂಬಿರುವರು. ಚಿಪ್ಪಿನ ಕೆಲಸ, ಪೆಟ್ಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದೆ ಅಗಲವಾಗಿ ಹರಡುವುದು, ಮೊನಚಾದ ವಸ್ತು ಒಳಕ್ಕೆ ಹೊಗದಂತೆ ತಡೆಯುವುದು. ನಿಜವಾಗಿ ಪ್ರಾಣ ಕಾಯುವುದು ಅದರ ಒಳಗಿರುವ, ನೋಟಕ್ಕೆ ಏನೂ ಅಲ್ಲದ, ನಾವು ಥರ್ಮೋಕೋಲ್ ಎಂದು ಕರೆಯುವ ನೊರೆಯ ಪದರ. ತಲೆ ನೆಲಕ್ಕೆ ಬಡಿದಾಗ ಆ ಪದರ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗುವುದರಲ್ಲಿಯೇ ಅದರ ಸಾರ್ಥಕತೆ. ಒಂದು ಕ್ಷಣದಲ್ಲಿ ನಿಲ್ಲಬೇಕಾಗಿದ್ದ ತಲೆ ಅದರಿಂದ ಕೂದಲೆಳೆಯಷ್ಟು ಹೆಚ್ಚು ಕಾಲವನ್ನು ತೆಗೆದುಕೊಂಡು ನಿಲ್ಲುತ್ತದೆ. ಮೆದುಳಿಗೆ ಆ ಕೂದಲೆಳೆಯೇ ಬದುಕು. ಒಮ್ಮೆ ಜಜ್ಜಿದ ಪದರ ಮತ್ತೆ ಮೊದಲಿನಂತಾಗದು. ಆದುದರಿಂದ ಅಪಘಾತವೊಂದನ್ನು ಕಂಡ ಹೆಲ್ಮೆಟ್ಟು, ಹೊರಗೆ ಗೀರೂ ಇಲ್ಲದಿದ್ದರೂ, ಕೆಲಸ ಮುಗಿಸಿದ ಹೆಲ್ಮೆಟ್ಟೇ ಸರಿ. ಬೀದಿಯ ಬದಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಮಾರುವ ಅರ್ಧ ಹೆಲ್ಮೆಟ್ಟುಗಳನ್ನು ತಿರುಗಿಸಿ ನೋಡಿರಿ: ಅನೇಕವುಗಳಲ್ಲಿ ಈ ಪದರವೇ ಇರುವುದಿಲ್ಲ, ತೆಳ್ಳನೆಯ ಒಂದು ಬಟ್ಟೆ, ಅದರ ಹಿಂದೆ ಒಂದು ಬೆರಳು ದಪ್ಪದ ಸ್ಪಂಜು. ಅದನ್ನು ಬಿಸಿಲಿಗೆ ಕೊಡೆಯೆಂದು ಬಳಸುವುದಾದರೆ ನನ್ನ ಆಕ್ಷೇಪವಿಲ್ಲ.

ಈ ವಸ್ತುವಿನ ಹಿಂದೆ ಒಂದು ದುಃಖದ ಕಥೆಯುಂಟು. ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್, ಸೈನ್ಯದ ಕೆಲಸದಿಂದ ನಿವೃತ್ತನಾಗಿ, ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ತನ್ನ ಪುಟ್ಟ ಮನೆಯಲ್ಲಿದ್ದನು. 1935ರ ಮೇ 13ರಂದು ಮೋಟಾರುಸೈಕಲ್ಲಿನಲ್ಲಿ ಬರುತ್ತಿದ್ದಾಗ ಎದುರಿಗೆ ಸೈಕಲ್ಲುಗಳಲ್ಲಿ ಇಬ್ಬರು ಹುಡುಗರು ಕಾಣಿಸಿದರು. ಅವರನ್ನು ತಪ್ಪಿಸಹೋಗಿ ಉರುಳಿಬಿದ್ದನು. ಮರುಭೂಮಿಯ ಯುದ್ಧಗಳಲ್ಲಿ ಉಳಿದುಬಂದವನು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಲೆಯ ಮೇಲೆ ಏನೂ ಇರಲಿಲ್ಲ. ಆತನನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಉಳಿಸಿಕೊಳ್ಳಲಾಗದ ಆ ರೋಗಿಯನ್ನು ಆತನು ಮರೆಯಲಿಲ್ಲ. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಆತನು ಪ್ರಕಟಿಸಿದ ಲೇಖನದಲ್ಲಿ, ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 1,884 ಮಂದಿ ಮೋಟಾರುಸೈಕಲ್ಲಿನವರು ಸತ್ತುದನ್ನು ಹೇಳಿ, ಹೆಲ್ಮೆಟ್ಟನ್ನು ತೊಟ್ಟು ಬಿದ್ದವರಾಗಿ ತನಗೆ ದೊರೆತ ಏಳೇ ಮಂದಿಯೂ ಬದುಕಿದ್ದನ್ನು ತೋರಿಸಿಕೊಟ್ಟನು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಮೋಟಾರುಸೈಕಲ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಜನರಿಗೆ ಕಡ್ಡಾಯವಾದದ್ದು 1973ರಲ್ಲಿ. ಅಷ್ಟರಲ್ಲಿ ಕೇರ್ನ್ಸ್ ಸತ್ತು ಇಪ್ಪತ್ತೊಂದು ವರ್ಷವಾಗಿತ್ತು. ಕಾನೂನು ಎಲ್ಲಾ ದೇಶಗಳಲ್ಲಿಯೂ ಎತ್ತಿನ ಗಾಡಿಯಲ್ಲಿಯೇ ಬರುತ್ತದೆಂದು ಕಾಣುತ್ತದೆ.

ಕೇರ್ನ್ಸನ ಕಾಲದ ಶಿರಸ್ತ್ರಾಣ ನೆತ್ತಿಯ ಮೇಲಿನ ಬಟ್ಟಲಿನಂಥದು. ಜಜ್ಜಿಹೋಗುವ ಒಳಪದರಕ್ಕೆ ಅಮೆರಿಕದಲ್ಲಿ ಲೊಂಬಾರ್ಡ್ ಎಂಬಾತನೂ ಆತನ ಸಂಗಡಿಗನೂ ಪೇಟೆಂಟ್ ಪಡೆದದ್ದು 1953ರಲ್ಲಿ. ಗದ್ದದ ಕಮಾನು ಬಂದದ್ದು 1960ರ ದಶಕದಲ್ಲಿ. 1968ರಲ್ಲಿ ಡ್ಯಾನ್ ಗರ್ನಿ ಎಂಬ ಕಾರುಪಂದ್ಯದ ವೀರ ಅದನ್ನು ತೊಟ್ಟು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿದ ಮೇಲೆ ಅದಕ್ಕೆ ಮರ್ಯಾದೆ ಬಂದಿತು. ಈ ಕಮಾನು ಬೇಕೆ ಬೇಡವೆ ಎಂಬುದೇ ಆಯ್ಕೆಯ ತಿರುಳು. ಉಳಿದದ್ದೆಲ್ಲ ಬಣ್ಣ.

ಹೆಲ್ಮೆಟ್ಟು ಸಾವಿನ ಅಪಾಯವನ್ನು ಸುಮಾರು ನೂರಕ್ಕೆ 42ರಷ್ಟೂ, ತಲೆಯ ಗಾಯದ ಅಪಾಯವನ್ನು ನೂರಕ್ಕೆ 69ರಷ್ಟೂ ತಗ್ಗಿಸುವುದೆಂದು, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಪರಿಶೀಲನೆ ಹೇಳಿತು. ಯಾವ ಬಗೆ ಮೇಲು ಎಂಬ ಪ್ರಶ್ನೆಗೆ ಮಾತ್ರ ಸಾಕ್ಷ್ಯ ಸಾಲದೆಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು. ಆದರೆ ಬೀಳುವ ಮನುಷ್ಯ ಯಾವ ಭಾಗವನ್ನು ನೆಲಕ್ಕೆ ಕೊಡುತ್ತಾನೆ ಎಂಬುದನ್ನು ಬಲ್ಲೆವು. ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಒಟ್ಟೆ ಎಂಬ ಸಂಶೋಧಕನು ಅಪಘಾತಕ್ಕೆ ಸಿಕ್ಕಿದ ಹೆಲ್ಮೆಟ್ಟುಗಳ ಮೇಲಿನ ಪೆಟ್ಟಿನ ಗುರುತುಗಳನ್ನು ಎಣಿಸಿ ನೋಡಿದಾಗ, ಸುಮಾರು ಮೂರನೆಯ ಒಂದು ಪಾಲು ಗದ್ದದ ಸುತ್ತಲೇ ಇದ್ದಿತು. ನೆತ್ತಿಗೆ ಬಿದ್ದ ಪೆಟ್ಟುಗಳು ಬಹಳ ಕಡಮೆ. ಆಲೋಚಿಸಿದರೆ ಇದು ಸಹಜವೇ. ಗಾಡಿಯಿಂದ ಎಸೆಯಲ್ಪಟ್ಟವನು ಮುಂದಕ್ಕೆ ಹೋಗುವನು. ಮುಂದಕ್ಕೆ ಹೋಗುವವನ ಮುಖ ಮುಂದಿರುವುದು. ತೆಂಗಿನಕಾಯಿ ಮೇಲಿನಿಂದ ಬೀಳುವ ಊರಿಗೆ ಅರ್ಧ ಹೆಲ್ಮೆಟ್ಟು ಒಳ್ಳೆಯದಿರಬಹುದು. ರಸ್ತೆ ಬರುವುದು ಕೆಳಗಿನಿಂದ.

ಇಷ್ಟಾದರೂ ಪೂರ್ಣಮುಖದ ಮೇಲೆ ನಮ್ಮ ಜನರ ದೂರುಗಳು ಅನೇಕ. ಅವುಗಳೆಲ್ಲವೂ ಹುರುಳಿಲ್ಲದವೆಂದು ನಾನು ಹೇಳಲಾರೆ. ಸೆಕೆಯ ದೂರು ನಿಜವಾದದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯ ಸಿಗ್ನಲ್ಲಿನಲ್ಲಿ ಅದರೊಳಗೆ ತಲೆಯಿಟ್ಟು ನಿಂತವನಿಗೆ ಇಡ್ಲಿಯ ಪಾತ್ರೆಯೊಳಗಿನ ಸುಖ ಎಂಥದೆಂದು ತಿಳಿಯುವುದು. ಗಾಳಿಗಂಡಿಗಳಿರುವುದನ್ನು ಆರಿಸಿಕೊಂಡರೆ ಓಟದಲ್ಲಿ ಸ್ವಲ್ಪ ತಂಪು; ನಿಂತಾಗ ಮುಂಗನ್ನಡಿಯನ್ನು ಎತ್ತಿಕೊಳ್ಳುವುದೊಂದೇ ಉಪಾಯ. ಕನ್ನಡಕದವರ ಕಷ್ಟವೂ ನಿಜ: ಮೊದಲು ಕನ್ನಡಕ ತೆಗೆದು, ಹೆಲ್ಮೆಟ್ಟನ್ನು ತೊಟ್ಟು, ಆಮೇಲೆ ಕನ್ನಡಕದ ಕಡ್ಡಿಗಳನ್ನು ಕೆನ್ನೆಯ ಪಕ್ಕದಲ್ಲಿ ಒಳತುರುಕಬೇಕು. ನಾಲ್ಕು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಹಿಂದಿನ ಹಾರನ್ನು ಕೇಳಿಸದು, ಅಕ್ಕಪಕ್ಕ ಕಾಣದು, ಕತ್ತಿಗೆ ಕೇಡು ಎಂದು ಹೇಳುವವರಿಗೆ ಮಾತ್ರ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕನು ಒಂಬೈನೂರು ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿ ಉತ್ತರವಾಗಿದೆ. ಕಿವಿಗಾಗಲಿ ಕಣ್ಣಿಗಾಗಲಿ ಹೆಲ್ಮೆಟ್ಟು ಅಡ್ಡಬಂದು ಅಪಘಾತವಾದುದನ್ನು ಆತನು ಕಾಣಲಿಲ್ಲ. ಕತ್ತಿನ ಗಾಯಗಳೂ ಹೆಲ್ಮೆಟ್ಟಿದ್ದವರಿಗೆ ಕಡಮೆಯೇ ಆಗಿದ್ದವು.

ನಮ್ಮ ಶಿವಮೊಗ್ಗದ ಸೀಮೆಗೆ ವಿಶೇಷವಾದ ಎರಡು ದೂರುಗಳನ್ನು ಇಂಥ ವರದಿಗಳಲ್ಲಿ ಕಾಣಲಾರೆವು. ಒಂದು, ಎಲೆಯಡಿಕೆಯದು. ಅಡಿಕೆ ಬೆಳೆಯುವ ಊರಿನವರು ತಾಂಬೂಲ ಬಿಟ್ಟು ಪ್ರಯಾಣ ಮಾಡಬೇಕೆಂದರೆ ಹೇಗೆ? ಪೂರ್ಣಮುಖದ ಒಳಗೆ ಬಾಯಿ ತುಂಬ ರಸವಿಟ್ಟುಕೊಂಡವನ ಸಂಕಟವನ್ನು ಬಣ್ಣಿಸದಿರುವುದೇ ಲೇಸು. ರಸ್ತೆಯ ದೃಷ್ಟಿಯಿಂದ ನೋಡಿದರೆ ಇದನ್ನು ಪೂರ್ಣಮುಖದ ಗುಣಗಳ ಪಟ್ಟಿಯಲ್ಲಿಯೇ ಸೇರಿಸಬೇಕೆಂದು ನನ್ನ ಮತ. ಎರಡನೆಯದು ಮರ್ಯಾದೆಯ ಪ್ರಶ್ನೆ. ಸಣ್ಣ ಊರಿನಲ್ಲಿ ಎದುರು ಬಂದವರನ್ನು ಮಾತನಾಡಿಸದೆ ಹೋಗುವಂತಿಲ್ಲ. ಮುಖ ಮುಚ್ಚಿಕೊಂಡು ಹೋದರೆ ಅವರಿಗೆ ಇವನಾರೆಂದು ತಿಳಿಯದು. ಗಾಡಿಯ ಗುರುತಿನಿಂದ ತಿಳಿದರೆ, ಕಂಡೂ ಕಾಣದಂತೆ ಹೋದನೆಂಬ ಅಪವಾದ. ನಮ್ಮ ಬೀದಿಯ ಹಿರಿಯರೊಬ್ಬರು ‘ಈಗಿನವರು ತಲೆ ಬಾಗಿಸುವುದು ಹೆಲ್ಮೆಟ್ಟಿನ ಭಾರಕ್ಕೆ ಮಾತ್ರ’ ಎಂದು ಬಹಳ ದಿನ ಹೇಳಿಕೊಂಡು ತಿರುಗಿದರು.

ಈ ತೊಂದರೆಗಳಿಗೆಲ್ಲ ಪರಿಹಾರವೆಂದು ಹೇಳಿಕೊಂಡು ಬಂದದ್ದೇ ಕಮಾನು ಎತ್ತುವ ನಾಲ್ಕನೆಯ ಬಗೆ. ನಿಂತಲ್ಲಿ ಕಮಾನನ್ನೆತ್ತಿ ಕಾಫಿ ಕುಡಿಯಬಹುದು, ಹಿರಿಯರನ್ನು ಮಾತನಾಡಿಸಬಹುದು, ಕನ್ನಡಕವನ್ನು ಸುಖವಾಗಿ ಹಾಕಿಕೊಳ್ಳಬಹುದು. ಬೆಲೆಯೂ ತೂಕವೂ ಸ್ವಲ್ಪ ಹೆಚ್ಚು. ಇದರ ಮುಖ್ಯ ಸಂದೇಹವೆಂದರೆ, ಬಿದ್ದಾಗ ಆ ಅಗುಳಿ ನಿಲ್ಲುವುದೇ ಎಂಬುದು. ಬ್ರಿಟನ್ನಿನಲ್ಲಿ ‘ಶಾರ್ಪ್’ ಎಂಬ ಸರಕಾರಿ ಪರೀಕ್ಷಾಕ್ರಮವಿದೆ. ಅದು ಪೆಟ್ಟು ಹೊಡೆದಾಗ ಈ ಬಗೆಯ ಕಮಾನು ನೂರಕ್ಕೆ ಎಷ್ಟು ಸಲ ಮುಚ್ಚಿಯೇ ಉಳಿಯಿತೆಂದು ಪ್ರತಿಯೊಂದು ಮಾದರಿಗೂ ಪ್ರಕಟಿಸುತ್ತದೆ. ಯೂರೋಪಿನ ನಿಯಮಾವಳಿಯಲ್ಲಿ ಕಮಾನು ನಿಜವಾಗಿ ರಕ್ಷಿಸುವುದಾದರೆ ‘ಪಿ’ ಎಂಬ ಅಕ್ಷರವನ್ನೂ, ಕೇವಲ ತೋರಿಕೆಯದಾದರೆ ‘ಎನ್‌ಪಿ’ ಎಂದೂ ಮುದ್ರೆಯಲ್ಲಿ ನಮೂದಿಸುವರು. ಹಣೆಯ ಮೇಲೆ ಕಮಾನನ್ನೆತ್ತಿಕೊಂಡೇ ಊರೆಲ್ಲ ಸುತ್ತುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅವರು ಪೂರ್ಣಮುಖದ ಬೆಲೆ ಕೊಟ್ಟು ತೆರೆದ ಮುಖವನ್ನು ಕೊಂಡವರು.

ಮಲೆನಾಡಿನ ಮಳೆಯ ವಿಚಾರವನ್ನೂ ಹೇಳಬೇಕು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯನ್ನು ದಾಟಿ ಆಗುಂಬೆಯ ಘಾಟಿಯಲ್ಲಿ ಇಳಿಯುವವನಿಗೆ ಮುಂಗನ್ನಡಿಯ ಹೊರಗೆ ಮಳೆ, ಒಳಗೆ ತನ್ನದೇ ಉಸಿರಿನ ಮಂಜು. ತೆರೆದ ಮುಖದವನಿಗೆ ಮಂಜಿನ ಕಾಟವಿಲ್ಲ. ಬದಲಾಗಿ ಹನಿಗಳು ಸೂಜಿಯಂತೆ ಮುಖಕ್ಕೆ ಬಡಿಯುವುವು. ಮಂಜು ಕಟ್ಟದಂತೆ ಒಳಗನ್ನಡಿಯ ಇನ್ನೊಂದು ಪದರವಿರುವವು ಈಗ ದೊರೆಯುತ್ತವೆ. ಅದಿಲ್ಲದಿದ್ದರೆ ಮುಂಗನ್ನಡಿಯನ್ನು ಒಂದು ಬೆರಳಷ್ಟು ಎತ್ತಿಟ್ಟುಕೊಂಡು ನಿಧಾನವಾಗಿ ಇಳಿಯಬೇಕು. ಕಪ್ಪುಬಣ್ಣದ ಮುಂಗನ್ನಡಿ ನೋಡುವುದಕ್ಕೆ ಅಂದ. ಕತ್ತಲಾದ ಮೇಲೆ ಅದರಿಂದ ಅನರ್ಥ.

ಯಾವ ಬಗೆಯದಾದರೂ ಎರಡು ಮಾತು ಎಲ್ಲಕ್ಕೂ ಸಮಾನ. 2021ರ ಜೂನ್ 1ರಿಂದ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ನಮ್ಮ ದೇಶದಲ್ಲಿ ನಿಷಿದ್ಧ. ಆದರೆ ಮುದ್ರೆಯ ಚೀಟಿಯನ್ನು ಮಾತ್ರ ಅಂಟಿಸಿ ಮಾರುವ ಜಾಣರು ಇರುವುದರಿಂದ, ರಸ್ತೆಬದಿಯ ರಾಶಿಯಿಂದ ಆರಿಸದಿರುವುದು ಲೇಸು. ಇನ್ನೊಂದು, ಅಳತೆ. ಕೆನ್ನೆಗಳನ್ನು ಮೆಲ್ಲಗೆ ಒತ್ತುವಷ್ಟು ಬಿಗಿಯಿರಬೇಕು. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ತಲೆಯ ಜೊತೆಗೆ ಬರಬೇಕೇ ಹೊರತು ತಲೆಯ ಸುತ್ತ ತಿರುಗಬಾರದು. ಪಟ್ಟಿಯನ್ನು ಕಟ್ಟದೆ ತೊಟ್ಟ ಹೆಲ್ಮೆಟ್ಟು ಪೋಲೀಸಿನವರ ಕಣ್ಣಿಗೆ ಮಾಡಿದ ನಮಸ್ಕಾರ. ನಮ್ಮ ಕಾನೂನಿನ 129ನೆಯ ಕಲಮು ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ಮೈಸೂರು ಪೇಟಕ್ಕೆ ಆ ಭಾಗ್ಯವಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. 2016ರ ಜನವರಿಯಿಂದ ಕರ್ಣಾಟಕದಲ್ಲಿ ಹಿಂದೆ ಕುಳಿತವರೂ ಹೆಲ್ಮೆಟ್ಟನ್ನು ತೊಡಬೇಕಾಯಿತು. ಆಗ ಮನೆಮನೆಗೆ ಎರಡನೆಯದೊಂದು ಹೆಲ್ಮೆಟ್ಟು ಬಂದಿತು. ಬಂದದ್ದು ಯಾವ ಬಗೆಯದು? ಬೆಳಗಿನ ಹೊತ್ತು ಯಾವ ಊರಿನ ಬೀದಿಯಲ್ಲಾದರೂ ನೋಡಿರಿ. ಮುಂದೆ ಕುಳಿತ ಗಂಡನಿಗೆ ಸಾವಿರಾರು ರೂಪಾಯಿಯ ಪೂರ್ಣಮುಖ. ಹಿಂದೆ ಸೀರೆಯುಟ್ಟು ಒಂದೇ ಕಡೆಗೆ ಕಾಲಿಳಿಬಿಟ್ಟು, ಒಂದು ಕೈಯಲ್ಲಿ ಊಟದ ಡಬ್ಬಿಯನ್ನು ಹಿಡಿದು ಕುಳಿತ ಹೆಂಡತಿಗೆ, ಮುಡಿಯ ಮೇಲೆ ಅರ್ಧ ಹೆಲ್ಮೆಟ್ಟು, ಗುಲಾಬಿ ಬಣ್ಣದ್ದು. ಹಿಡಿದುಕೊಳ್ಳುವುದಕ್ಕೆ ಹ್ಯಾಂಡಲ್ಲಿಲ್ಲದವರು, ಮುಂದಿನ ಹಳ್ಳವನ್ನು ಕಾಣದವರು, ಬ್ರೇಕು ಯಾವಾಗ ಬೀಳುವುದೆಂದು ತಿಳಿಯದವರು ಇವರೇ. ಅಂಗಡಿಯಲ್ಲಿ ‘ಲೇಡೀಸ್ ಹೆಲ್ಮೆಟ್’ ಎಂದು ತೆಗೆದಿಡುವುದು ಇದನ್ನೇ. ಸವಾರನದನ್ನು ತಲೆಗಾಗಿ ಕೊಂಡರು. ಹಿಂದಿನವರದನ್ನು ದಂಡಕ್ಕಾಗಿ ಕೊಂಡರು. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ಟಿಲ್ಲದೆ ರಸ್ತೆಗಳಲ್ಲಿ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಅರ್ಧ ಹೆಲ್ಮೆಟ್ಟನ್ನು ತೊಟ್ಟು ಸತ್ತವರನ್ನು ಯಾವ ಕಡೆಗೆ ಎಣಿಸುವರೋ!

ಇದು ಕೃಪಣತೆಯೆಂದು ನಾನು ಎಣಿಸುವುದಿಲ್ಲ. ಹೆಂಡತಿಗೆ ಸಾವಿರಾರು ರೂಪಾಯಿಯ ಸೀರೆಯನ್ನು ತರುವವನೇ ಹೀಗೆ ಮಾಡುವನು. ಮುಡಿ ಕೆಡುವುದು, ಹೂವು ನಲುಗುವುದು, ತೂಕ ತಡೆಯಲಾರಳು ಎಂಬ ಕನಿಕರವೇ ಇದಕ್ಕೆ ಕಾರಣ. ಬಹಳ ವೇಳೆ ಹೆಂಗಸರೇ ಅದನ್ನು ಬಯಸುವರೆಂಬುದೂ ದಿಟ. ಗಂಟುಹಾಕಿದ ಮುಡಿಯ ಮೇಲೆ ಪೂರ್ಣಮುಖ ಕೂರುವುದಿಲ್ಲ. ಮುಡಿ ಅದನ್ನು ಮುಂದಕ್ಕೆ ತಳ್ಳಿ ಕಣ್ಣಿಗೆ ಮರೆ ಮಾಡುವುದು. ಕತ್ತಿನ ಕೆಳಗಿನಿಂದ ಹೆಣೆದ ಜಡೆಯಾದರೆ ಯಾವ ತೊಂದರೆಯೂ ಇಲ್ಲ. ಪ್ರಶ್ನೆ ಇಷ್ಟು ಸಣ್ಣದು.

ಕಳೆದ ವರ್ಷ ನಮ್ಮ ನೆರೆಮನೆಯ ದಂಪತಿಗಳೊಡನೆ ನಾನೂ ಅಂಗಡಿಗೆ ಹೋಗಿದ್ದೆನು. ಆಕೆ ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿ; ದಿನವೂ ಗಂಡನ ಗಾಡಿಯ ಹಿಂದೆ ಕುಳಿತು ಹೋಗುವವರು. ರಾಯರು ತಮ್ಮದನ್ನು ಅರ್ಧ ಗಂಟೆ ಪರೀಕ್ಷಿಸಿ ಆರಿಸಿಕೊಂಡರು. ಅಂಗಡಿಯವನು ಕೇಳದೆಯೇ ನೇರಿಳೆ ಬಣ್ಣದ ಅರ್ಧ ಹೆಲ್ಮೆಟ್ಟೊಂದನ್ನು ಮುಂದಿಟ್ಟು, ‘ಅಮ್ಮನವರಿಗೆ ಇದು ಸಾಕು ಸಾರ್, ಹಿಂದೆ ಕೂತುಕೊಳ್ಳುವವರಲ್ಲವೇ’ ಎಂದನು.

‘ಇಬ್ಬರೂ ಬೀಳುವುದು ಒಂದೇ ಗಾಡಿಯಿಂದ ಅಲ್ಲವೇನಪ್ಪಾ?’ ಎಂದು ಆಕೆ ಕೇಳಿದರು.

ಮಾತಿನಲ್ಲಿ ಕೋಪವಿರಲಿಲ್ಲ; ಎರಡನೆಯ ತರಗತಿಯ ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡುವ ಧ್ವನಿಯಿತ್ತು. ಅಂಗಡಿಯವನು ಏಣಿಯನ್ನು ಹತ್ತಿ ಮೇಲಿನ ಹಲಗೆಯಿಂದ ಸಣ್ಣ ಅಳತೆಯ ಪೂರ್ಣಮುಖಗಳನ್ನು ಇಳಿಸತೊಡಗಿದನು. ಮೂರನೆಯದು ಸರಿಹೋಯಿತು. ಆಕೆ ಮುಡಿಯನ್ನು ಬಿಚ್ಚಿ ಅಲ್ಲಿಯೇ ಜಡೆ ಹಾಕಿಕೊಂಡು, ಪಟ್ಟಿ ಬಿಗಿದು, ತಲೆಯನ್ನು ನಾಲ್ಕು ಸಲ ಅಲ್ಲಾಡಿಸಿ ನೋಡಿದರು. ಕನ್ನಡಿಯ ಕಡೆಗೂ ಒಮ್ಮೆ ನೋಡಿದರೆಂಬುದನ್ನು ಬರೆಯದಿದ್ದರೆ ಸತ್ಯಕ್ಕೆ ಲೋಪವಾದೀತು.

ಈಗ ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ಅವರಿಬ್ಬರೂ ನಮ್ಮ ಬಾಗಿಲ ಮುಂದೆ ಹೋಗುತ್ತಾರೆ. ಮಲ್ಲಿಗೆ ಜಡೆಯ ನಡುವಿಗೆ ಇಳಿದಿದೆ. ದಾರಿಯಲ್ಲಿ ಮಾತನಾಡುವುದಕ್ಕೆ ಇಬ್ಬರೂ ಕೂಗಬೇಕಾಗಿರುವುದರಿಂದ, ತಿಂಗಳ ಸಾಮಾನಿಗೆ ಏನೇನು ತರಬೇಕೆಂಬುದು ನಮ್ಮ ಬೀದಿಯವರಿಗೆಲ್ಲ ತಿಳಿಯುತ್ತದೆ.